ಗುಂಡಿ ಮುಚ್ಚುವ ಮೊದಲು ಅಳತೆ ತೆಗೆದುಕೊಳ್ಳಿ: ರಸ್ತೆಗುಂಡಿಯಲ್ಲಿ ಬಿದ್ದವರು ಪರಿಹಾರ ಕೇಳುವ ದಾರಿ

ರಸ್ತೆಗುಂಡಿಗೆ ಗಾಡಿ ಇಳಿದು ಕೈಯೋ ಕಾಲೋ ಮುರಿದುಕೊಂಡವರು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಆ ಗುಂಡಿ ಅಲ್ಲಿರುವುದಿಲ್ಲ. ದೊಡ್ಡ ಅಪಘಾತವಾದರೆ ಮಾರನೇ ದಿನವೋ ಮೂರನೇ ದಿನವೋ ಒಂದು ಟ್ರ್ಯಾಕ್ಟರ್ ಬಂದು ಜಲ್ಲಿಪುಡಿ ಸುರಿದು ಹೋಗುತ್ತದೆ. ಇನ್ನೊಬ್ಬರು ಬೀಳುವುದು ತಪ್ಪಿತು, ಅದು ಆಗಲೇಬೇಕಾದ ಕೆಲಸ. ಆದರೆ ಬಿದ್ದವರ ಪರಿಹಾರಕ್ಕೆ ಬೇಕಾದ ಮುಖ್ಯ ಸಾಕ್ಷ್ಯವೂ ಅದೇ ಜಲ್ಲಿಯ ಕೆಳಗೆ ಹೂತುಹೋಗುತ್ತದೆ.

ದಾವಣಗೆರೆ, ಚಿತ್ರದುರ್ಗದ ಕಡೆ ಗುಂಡಿಗೆ ಬಿದ್ದವರಲ್ಲಿ ಹೆಚ್ಚಿನವರು ಪರಿಹಾರ ಕೇಳುವುದೇ ಇಲ್ಲ. ಕೇಳಿದವರಲ್ಲೂ ಹಲವರು ಸೋಲುವುದಕ್ಕೆ ಕಾನೂನು ಕಾರಣವಲ್ಲ, ಮೊದಲ ಎರಡು ದಿನದಲ್ಲಿ ಕೈತಪ್ಪಿದ ಕಾಗದ ಕಾರಣ. ಸಾಬೀತು ಮಾಡಬೇಕಾದದ್ದು ಎರಡೇ: ಇಂಥ ಜಾಗದಲ್ಲಿ ಇಷ್ಟು ಅಳತೆಯ ಗುಂಡಿ ಇತ್ತು, ಅದರಿಂದಲೇ ಬಿದ್ದದ್ದು ಎನ್ನುವುದು ಒಂದು. ಆ ಗುಂಡಿ ಅಲ್ಲಿರುವುದು ರಸ್ತೆ ನೋಡಿಕೊಳ್ಳುವವರಿಗೆ ಗೊತ್ತಿತ್ತು, ಇಲ್ಲವೇ ಗೊತ್ತಿರಬೇಕಿತ್ತು ಎನ್ನುವುದು ಇನ್ನೊಂದು. ಮಿಕ್ಕದ್ದು ಲೆಕ್ಕಾಚಾರ.

ಹಕ್ಕು ಎಲ್ಲಿಂದ ಬಂತು

2019ರ ಜುಲೈ ಕೊನೆಯಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಗುಂಡಿಗಳ ಬಗ್ಗೆ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಒಂದು ಆದೇಶ ಕೊಟ್ಟಿತು. ರಸ್ತೆಗಳು ಓಡಾಡಲು ಯೋಗ್ಯ ಸ್ಥಿತಿಯಲ್ಲಿರಬೇಕು ಎನ್ನುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ಕೆಟ್ಟ ರಸ್ತೆಯಿಂದ ಗಾಯಗೊಂಡವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂಬುದು ಅದರ ಸಾರ. ಅದು ಬೆಂಗಳೂರಿಗಷ್ಟೇ ಎಂದು ಇಲ್ಲಿನ ಕಚೇರಿಗಳಲ್ಲಿ ಹೇಳಬಹುದು. ಆಗ ಒಂದು ಮಾತು ನೆನಪಿಸಿ: ಆ ಆದೇಶ ಬಂದಾಗ ಬೆಂಗಳೂರು ಪಾಲಿಕೆ ನಡೆಯುತ್ತಿದ್ದದ್ದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಡಿ. ದಾವಣಗೆರೆ ಮಹಾನಗರ ಪಾಲಿಕೆಗೂ ಅದೇ ಕಾಯ್ದೆ. ಅದರ 58ನೇ ಕಲಮಿನಲ್ಲಿ ಪಾಲಿಕೆಯ ಕಡ್ಡಾಯ ಕರ್ತವ್ಯಗಳ ಪಟ್ಟಿ ಇದೆ, ಬೀದಿಗಳ ನಿರ್ವಹಣೆ ಅದರಲ್ಲಿ ಸೇರಿದೆ. ಚಿತ್ರದುರ್ಗ ನಗರಸಭೆಗೆ 1964ರ ಪುರಸಭೆಗಳ ಕಾಯ್ದೆ, ಅಲ್ಲಿ 87ನೇ ಕಲಮು. "ಅನುದಾನ ಬಂದಾಗ ಮಾಡುತ್ತೇವೆ" ಎನ್ನಲು ಇದು ಇಷ್ಟಬಂದರೆ ಮಾಡುವ ಕೆಲಸವಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಸುರಕ್ಷಿತ ರಸ್ತೆಯ ಹಕ್ಕನ್ನು 21ನೇ ವಿಧಿಗೇ ಜೋಡಿಸಿ ಹೇಳಿದೆ.

ಎದುರಿನವರು ಹಿಡಿಯುವ ತೀರ್ಪು ಕೂಡ ಗೊತ್ತಿರಲಿ. ರಾಜಕೋಟ್‌ನಲ್ಲಿ ರಸ್ತೆಬದಿಯ ಮರ ಬಿದ್ದು ಒಬ್ಬರು ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಪಾಲಿಕೆಯನ್ನು ಹೊಣೆ ಮಾಡಲಿಲ್ಲ. ಮರ ಬೀಳುವ ಸ್ಥಿತಿಯಲ್ಲಿದೆ ಎಂಬುದು ಪಾಲಿಕೆಗೆ ಗೊತ್ತಿತ್ತು ಎಂದು ತೋರಿಸಲು ಆಗಿರಲಿಲ್ಲ. ಅದಕ್ಕೂ ಮೊದಲು, 1966ರಲ್ಲಿ, ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಅದೇ ಕೋರ್ಟ್ ಪಾಲಿಕೆಯೇ ಹೊಣೆ ಎಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕೆಲಸ ಎಲ್ಲಿದೆ ಎಂದು ತಿಳಿಯುತ್ತದೆ: "ನಿಮಗೆ ಗೊತ್ತಿತ್ತು" ಎಂಬುದಕ್ಕೆ ದಾಖಲೆ ಹುಡುಕುವುದರಲ್ಲಿ.

ಮೊದಲ ದಿನ, ಗುಂಡಿಯ ಬಳಿ

ಗಾಯಾಳು ಆಸ್ಪತ್ರೆಯಲ್ಲಿರುತ್ತಾರೆ. ಆದ್ದರಿಂದ ಇದು ಮನೆಯವರೋ ಸ್ನೇಹಿತರೋ ಮಾಡಬೇಕಾದ ಕೆಲಸ. ಬೆಳಗಾಗಲಿ, ಮಳೆ ನಿಲ್ಲಲಿ ಎಂದು ಕಾಯಬೇಡಿ. ರಾತ್ರಿಯೇ ಹೋಗಿ, ಬೆಳಗ್ಗೆ ಮತ್ತೆ ಹೋಗಿ. ರಾತ್ರಿಯ ಫೋಟೋ ಬೀದಿದೀಪ ಉರಿಯುತ್ತಿರಲಿಲ್ಲ ಎಂಬುದನ್ನು ತೋರಿಸುತ್ತದೆ, ಬೆಳಗಿನದು ಅಳತೆಯನ್ನು ತೋರಿಸುತ್ತದೆ.

ಬೇಕಾದದ್ದು ಒಂದು ಟೇಪು, ಒಂದು ಅಡಿಪಟ್ಟಿ, ನೇರವಾದ ಒಂದು ಕೋಲು ಅಥವಾ ಪೈಪು, ಸ್ಥಳ-ಸಮಯ ನಮೂದಾಗುವ ಕ್ಯಾಮೆರಾ ಆ್ಯಪ್ ಇರುವ ಫೋನು. ಉದ್ದ, ಅಗಲ ಅಳೆಯುವುದು ಸುಲಭ. ತಪ್ಪುವುದು ಆಳದಲ್ಲಿ. ಗುಂಡಿಯ ಎರಡೂ ದಡಕ್ಕೆ ತಾಗುವಂತೆ ಕೋಲನ್ನು ಅಡ್ಡ ಇಟ್ಟು, ಕೋಲಿನ ಕೆಳಅಂಚಿನಿಂದ ತಳಕ್ಕೆ ಅಡಿಪಟ್ಟಿ ನಿಲ್ಲಿಸಿ, ಅಂಕಿ ಓದುವಂತೆ ನೆಲಮಟ್ಟದಿಂದ ಫೋಟೋ ತೆಗೆಯಿರಿ. ಮೇಲಿನಿಂದ ತೆಗೆದ ಫೋಟೋದಲ್ಲಿ ನಾಲ್ಕು ಇಂಚಿನ ಗುಂಡಿಯೂ ಕಲೆಯಂತೆ ಕಾಣುತ್ತದೆ. ನೀರು ತುಂಬಿದ್ದರೆ ಹಾಗೇ ಒಂದು ಫೋಟೋ ತೆಗೆಯಿರಿ, ಸವಾರರಿಗೆ ಕಂಡದ್ದು ಅದೇ ದೃಶ್ಯ. ಆಮೇಲೆ ಕೋಲು ಇಳಿಸಿ ಒದ್ದೆಯಾದ ಮಟ್ಟವನ್ನು ಅಳೆಯಿರಿ.

ಜಾಗ ಗುರುತಿಸಲು ಅಂಗಡಿಯ ಬೋರ್ಡ್ ಸಾಲದು, ಬೋರ್ಡ್ ಬದಲಾಗುತ್ತದೆ. ಹತ್ತಿರದ ಬೆಸ್ಕಾಂ ಕಂಬದ ಸಂಖ್ಯೆ ಬರೆದುಕೊಳ್ಳಿ, ಕಂಬದಿಂದ ಗುಂಡಿಗೆ ಎಷ್ಟು ದೂರ ಎಂದು ಟೇಪಿನಿಂದಲೇ ಅಳೆದಿಡಿ. ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲು. ಗಾಡಿ ಬರುವ ದಿಕ್ಕಿನಿಂದ 50 ಮೀಟರ್, 20 ಮೀಟರ್, 5 ಮೀಟರ್ ದೂರದಲ್ಲಿ ನಿಂತು ಒಂದೊಂದು ಫೋಟೋ ತೆಗೆಯಿರಿ. ಎಚ್ಚರಿಕೆ ಫಲಕ, ಬ್ಯಾರಿಕೇಡ್, ಕೆಂಪು ರಿಬ್ಬನ್ ಯಾವುದೂ ಇರಲಿಲ್ಲ ಎಂಬುದಕ್ಕೆ ಈ ಮೂರು ಫೋಟೋಗಳೇ ಸಾಕ್ಷಿ.

ಗುಂಡಿಯ ಆಕಾರವೂ ಮಾತಾಡುತ್ತದೆ. ಅಂಚು ಹರಿದ ಬಟ್ಟಲಿನಂತಿದ್ದು ಸುತ್ತ ಜಾಲದಂತೆ ಬಿರುಕಿದ್ದರೆ ಅದು ಡಾಂಬರಿನ ಬಿರುಕಿನಿಂದ ನೀರು ಇಳಿದು ತಳದ ಜಲ್ಲಿ ಸಡಿಲಾಗಿ ಆದದ್ದು. ದಾವಣಗೆರೆ ಸುತ್ತಿನ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ತಳ ಗಟ್ಟಿ ಮಾಡದೆ ಮೇಲೆ ಡಾಂಬರು ಎಳೆದರೆ ಒಂದೆರಡು ಮಳೆಗಾಲಕ್ಕೆ ಹೀಗಾಗುತ್ತದೆ. ಇಂಥ ಗುಂಡಿ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ, ಬಿರುಕಿನಿಂದ ಗುಂಡಿಯಾಗಲು ವಾರಗಳು ಬೇಕು. "ನಿನ್ನೆಯ ಮಳೆಗೆ ಆದದ್ದು" ಎಂಬ ಉತ್ತರಕ್ಕೆ ಸುತ್ತಲಿನ ಬಿರುಕಿನ ಫೋಟೋ ಎದುರುತ್ತರ. ಅದೇ ತಗ್ಗು ಉದ್ದಕ್ಕೆ, ನೇರ ಅಂಚಿನಿಂದ, ರಸ್ತೆಯನ್ನು ಅಡ್ಡ ಸೀಳಿದಂತಿದ್ದರೆ ಅದು ನೀರಿನ ಪೈಪು, ಒಳಚರಂಡಿ, ಗ್ಯಾಸ್ ಅಥವಾ ಕೇಬಲ್‌ಗೆ ಅಗೆದ ಕಾಲುವೆ. ಪದರ ಪದರವಾಗಿ ದಮ್ಮಸು ಮಾಡದೆ ಮಣ್ಣು ತುಂಬಿದ್ದು ಕುಸಿದಿದೆ. ಆಗ ಅಗೆದ ಸಂಸ್ಥೆ, ಅದರ ಗುತ್ತಿಗೆದಾರ, ಅಗೆಯಲು ಅನುಮತಿ ಕೊಟ್ಟ ಪಾಲಿಕೆ, ಮೂವರನ್ನೂ ಹೆಸರಿಸಬೇಕು. ಒಬ್ಬರನ್ನು ಬಿಟ್ಟರೆ ಮಿಕ್ಕವರು ಬಿಟ್ಟವರತ್ತಲೇ ಬೆರಳು ತೋರುತ್ತಾರೆ.

ಫೋಟೋಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಬೇಡಿ. ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸುತ್ತದೆ, ಒಳಗಿನ ದಿನಾಂಕ-ಸ್ಥಳದ ಮಾಹಿತಿ ಹೋಗುತ್ತದೆ. ಕೋರ್ಟಿಗೆ ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದಕ್ಕೆ ಫೋನಿನವರ ಸಹಿ, ಇನ್ನೊಂದಕ್ಕೆ ತಜ್ಞರದು. ತೆಗೆದವರ ಫೋನು ಬದಲಾಗಿ ಹಳೆಯದು ಮಾರಿಹೋಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ಎದುರಿನ ಅಂಗಡಿಯ ಸಿಸಿಟಿವಿ ದೃಶ್ಯವನ್ನು ಅಂದೇ ಕೇಳಿ. ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ, ಕೆಲವು ಕಡೆ ವಾರವೂ ಉಳಿಯುವುದಿಲ್ಲ. ಸರ್ಕಲ್‌ಗಳ ಪೊಲೀಸ್ ಕ್ಯಾಮೆರಾ ದೃಶ್ಯವನ್ನು ಕಾಯ್ದಿಡುವಂತೆ ಠಾಣೆಗೆ ಕೊಡುವ ದೂರಿನಲ್ಲೇ ಒಂದು ಸಾಲು ಬರೆಯಿರಿ.

ಆಸ್ಪತ್ರೆಯ ಮೊದಲ ಸಾಲು

ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ತುರ್ತು ವಿಭಾಗದಲ್ಲಿ "ಏನಾಯಿತು?" ಎಂದು ಕೇಳಿ ಒಂದು ಸಾಲು ಬರೆದುಕೊಳ್ಳುತ್ತಾರೆ. ಗಾಬರಿಯಲ್ಲಿ ಮನೆಯವರು "ಗಾಡಿಯಿಂದ ಬಿದ್ದರು" ಎನ್ನುತ್ತಾರೆ. ಕೇಸ್ ಶೀಟ್‌ನಲ್ಲಿ "ಸ್ಕಿಡ್ ಆಗಿ ಬಿದ್ದದ್ದು" ಎಂದು ದಾಖಲಾಗುತ್ತದೆ. ಎರಡು ವರ್ಷದ ನಂತರ ಎದುರು ವಕೀಲರು ಮೊದಲು ತೆರೆಯುವುದು ಈ ಹಾಳೆಯನ್ನೇ: "ಗುಂಡಿಯ ಮಾತೇ ಇಲ್ಲವಲ್ಲ?" ಆದ್ದರಿಂದ "ಇಂಥ ರಸ್ತೆಯಲ್ಲಿ, ಇಷ್ಟು ಹೊತ್ತಿಗೆ, ಗುಂಡಿಗೆ ಚಕ್ರ ಇಳಿದು ಬಿದ್ದರು" ಎಂದೇ ಹೇಳಿ, ಹಾಗೇ ಬರೆದಿದ್ದಾರೆಯೇ ಎಂದು ವಿನಯದಿಂದ ಕೇಳಿ ನೋಡಿ. ಎಂಎಲ್‌ಸಿ, ಅಂದರೆ ಆಸ್ಪತ್ರೆಯಿಂದ ಠಾಣೆಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ, ಮಾಡಿಸಲೇಬೇಕು. ಕೇಸು, ಠಾಣೆ ಎಂದು ಹೆದರಿ ಬೇಡವೆಂದವರ ಬಳಿ ಕೊನೆಗೆ ಬಿಲ್ಲುಗಳಷ್ಟೇ ಉಳಿಯುತ್ತವೆ.

ಖರ್ಚಿನ ವಿಷಯ. 2025ರ ಮೇನಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ಹೊರಡಿಸಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ದಾಖಲಾಗುವಾಗಲೇ ಕೇಳಿ, ಬಿಡುಗಡೆಯ ದಿನ ಕೇಳಿ ಪ್ರಯೋಜನವಿಲ್ಲ. ಠಾಣೆಯ ದೃಢೀಕರಣ ಅದಕ್ಕೂ ಬೇಕು, ಎಂಎಲ್‌ಸಿ ಬೇಡ ಎನ್ನಬಾರದು ಎಂಬುದಕ್ಕೆ ಇದು ಇನ್ನೊಂದು ಕಾರಣ.

ಠಾಣೆಯಲ್ಲಿ ತಪ್ಪುವುದು ಎಲ್ಲಿ

ಇಡೀ ದಾರಿಯಲ್ಲಿ ಅತಿ ಹೆಚ್ಚು ನಷ್ಟವಾಗುವುದು ಇಲ್ಲಿ. ಬೇರೆ ಗಾಡಿ ಇಲ್ಲದ ಅಪಘಾತವನ್ನು "ಸ್ವಯಂ ಅಪಘಾತ" ಎಂದು ದಾಖಲಿಸುವ ರೂಢಿ ಇದೆ. ಸವಾರ "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿ, ನಿಯಂತ್ರಣ ತಪ್ಪಿ" ಬಿದ್ದ ಎಂದು ಅಚ್ಚುಕಟ್ಟಾಗಿ ಟೈಪಾಗಿ ಬಂದ ಹೇಳಿಕೆಗೆ ತಮ್ಮನೋ ಭಾವನೋ ಓದದೆ ಸಹಿ ಹಾಕುತ್ತಾರೆ. ಅಲ್ಲಿಗೆ ಗಾಯಾಳುವೇ ಆರೋಪಿ. ಆ ಒಂದು ವಾಕ್ಯವನ್ನು ಅಳಿಸಲು ಮುಂದೆ ವರ್ಷಗಳು ಬೇಕು.

ದೂರನ್ನು ಮನೆಯಲ್ಲೇ ಬರೆದು ಒಯ್ಯಿರಿ. ದಿನ, ಹೊತ್ತು, ರಸ್ತೆ, ಕಂಬದ ಸಂಖ್ಯೆ, ಗುಂಡಿಯ ಅಳತೆ, ಬೆಳಕು ಮತ್ತು ಮಳೆಯ ಸ್ಥಿತಿ, ಫಲಕ ಇರಲಿಲ್ಲ ಎಂಬುದು, ಹೆಲ್ಮೆಟ್ ಇತ್ತು ಎಂಬುದು. ಕೊನೆಗೆ, "ಸದರಿ ರಸ್ತೆಯ ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿಗಳು ಹಾಗೂ ಗುತ್ತಿಗೆದಾರರ ನಿರ್ಲಕ್ಷ್ಯವೇ ಅಪಘಾತಕ್ಕೆ ಕಾರಣ, ಅವರ ಮೇಲೆ ಕ್ರಮ ಕೈಗೊಳ್ಳಬೇಕು" ಎಂಬ ಸಾಲು. ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದ ಗಾಯ ಮಾಡಿದ್ದಕ್ಕೆ 125ನೇ ಕಲಮು, ಸಾವಾಗಿದ್ದರೆ 106(1). ಮೂಳೆ ಮುರಿದಿದ್ದರೆ, ಕೀಲು ತಪ್ಪಿದ್ದರೆ, ಹಲ್ಲು ಹೋಗಿದ್ದರೆ 116ನೇ ಕಲಮಿನ ಪ್ರಕಾರ ಅದು ತೀವ್ರ ಗಾಯ.

ದೂರು ತೆಗೆದುಕೊಳ್ಳದಿದ್ದರೆ ಜಗಳ ಬೇಡ. ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಲು ನಾಗರಿಕ ಸುರಕ್ಷಾ ಸಂಹಿತೆಯ 173(4) ಅವಕಾಶ ಕೊಡುತ್ತದೆ, ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ಸ್ಥಳ ಮಹಜರಿನ ದಿನ ಮನೆಯವರೊಬ್ಬರು ಇರಲೇಬೇಕು. ಮಹಜರಿನಲ್ಲಿ, ನಕ್ಷೆಯಲ್ಲಿ ಗುಂಡಿ ಕಾಣಿಸಿದೆಯೇ, ಅಳತೆ ಬರೆದಿದ್ದಾರೆಯೇ ನೋಡಿ. ಅಷ್ಟರಲ್ಲಿ ಗುಂಡಿ ಮುಚ್ಚಿದ್ದರೆ "ಹೊಸದಾಗಿ ಜಲ್ಲಿ ತುಂಬಿ ಮುಚ್ಚಿದ ಗುರುತು ಇದೆ" ಎಂದು ಬರೆಸಿ. ಆ ತೇಪೆಯೇ ಆಗ ಸಾಕ್ಷಿ. ಗಾಡಿಯನ್ನು ರಿಪೇರಿಗೆ ಬಿಡುವ ಮೊದಲು ಮೋಟಾರು ವಾಹನ ನಿರೀಕ್ಷಕರ ವರದಿ ಆಗಬೇಕು. "ಯಾಂತ್ರಿಕ ದೋಷದಿಂದ ಅಪಘಾತವಾಗಿಲ್ಲ" ಎಂದು ಅದರಲ್ಲಿ ಬಂದರೆ ಬ್ರೇಕ್ ಫೇಲಾಗಿತ್ತು ಎಂಬ ವಾದ ಮುಚ್ಚಿಹೋಗುತ್ತದೆ. ಮುಂದಿನ ರಿಮ್ ಬೆಂಡಾಗಿದ್ದರೆ ವರದಿಯಲ್ಲಿ ಅದೂ ಸೇರಬೇಕು, ಗುಂಡಿಯ ದಡಕ್ಕೆ ಚಕ್ರ ಬಡಿದದ್ದಕ್ಕೆ ಅದು ಗುರುತು.

ರಸ್ತೆ ಯಾರದು

ಹೆಸರು ನೋಡಿ ಮೋಸ ಹೋಗಬೇಡಿ. ದಾವಣಗೆರೆಯ ಪಿ.ಬಿ. ರಸ್ತೆ, ಚಿತ್ರದುರ್ಗದ ಬಿ.ಡಿ. ರಸ್ತೆ ಎರಡೂ ಹಳೇ ಹೆದ್ದಾರಿಯ ಕಾಲದ ಹೆಸರುಗಳು, ಈಗಿನ ರಾಷ್ಟ್ರೀಯ ಹೆದ್ದಾರಿ 48 ಊರ ಹೊರಗೆ ಬೈಪಾಸ್ ಆಗಿ ಹೋಗುತ್ತದೆ. ಸಾಮಾನ್ಯವಾಗಿ ಬಡಾವಣೆಯ ರಸ್ತೆ ಪಾಲಿಕೆಯದು ಅಥವಾ ನಗರಸಭೆಯದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಹಳ್ಳಿಯ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಕಾಮಗಾರಿ ಮುಗಿದ ಮೇಲೆ 5 ವರ್ಷ ಗುತ್ತಿಗೆದಾರನೇ ನಿರ್ವಹಿಸಬೇಕು. ಹೆದ್ದಾರಿ 48 ಮತ್ತು ಅದರ ಸರ್ವಿಸ್ ರಸ್ತೆಗೆ ಹೆದ್ದಾರಿ ಪ್ರಾಧಿಕಾರವನ್ನು ಕೇಳಬೇಕು. ಹೊಸ ಬಡಾವಣೆಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಇನ್ನೂ ಪಾಲಿಕೆಗೆ ಒಪ್ಪಿಸದ ರಸ್ತೆಗಳಿರುತ್ತವೆ. ದಾವಣಗೆರೆಯಲ್ಲಿ ಸ್ಮಾರ್ಟ್ ಸಿಟಿ ಕಾಮಗಾರಿ ನಡೆದ ರಸ್ತೆಗಳೂ ಇವೆ, ಅವಕ್ಕೆ ದೋಷಹೊಣೆಯ ಅವಧಿ (ಕೆಟ್ಟದ್ದನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಮುಗಿದಿದೆಯೇ ಎಂಬುದೇ ಪ್ರಶ್ನೆ.

ಊಹೆಯ ಬದಲು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಇದನ್ನು ಮರೆತು ಹತ್ತು ವಿಷಯ ತುರುಕಿದ ಅರ್ಜಿಗಳು ವಾಪಸು ಬರುತ್ತವೆ. ಮೂರು ಬೇರೆ ಅರ್ಜಿ ಹಾಕಿ. ಮೊದಲನೆಯದು: ಈ ರಸ್ತೆಯ ಈ ಭಾಗದ ನಿರ್ವಹಣೆ ಯಾವ ಕಚೇರಿಯದು, ಕೊನೆಯ ಡಾಂಬರೀಕರಣದ ಕಾರ್ಯಾದೇಶ, ಗುತ್ತಿಗೆದಾರರ ಹೆಸರು, ಮುಗಿದ ದಿನಾಂಕ, ದೋಷಹೊಣೆಯ ಅವಧಿ. ಎರಡನೆಯದು: ಅಪಘಾತಕ್ಕೆ ಮುಂಚಿನ ಆರು ತಿಂಗಳಲ್ಲಿ ಈ ರಸ್ತೆಯ ಬಗ್ಗೆ ಬಂದ ದೂರುಗಳ ನೋಂದಣಿ ಪುಸ್ತಕದ ದೃಢೀಕೃತ ನಕಲು, ಅವುಗಳ ಮೇಲೆ ಕೈಗೊಂಡ ಕ್ರಮ. ಮೂರನೆಯದು: ಅಪಘಾತದ ನಂತರ ಗುಂಡಿ ಮುಚ್ಚಿದ್ದರ ಅಳತೆ ಪುಸ್ತಕದ ಪುಟ ಮತ್ತು ಬಿಲ್ಲು. ಈ ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಮುಚ್ಚಿದ್ದಕ್ಕೆ ಬಿಲ್ಲು ಮಾಡಿದ್ದರೆ, ಅಲ್ಲಿ ಗುಂಡಿ ಇತ್ತು ಎಂದು ಅವರದೇ ಎಂಜಿನಿಯರು ಅಳತೆ ಸಮೇತ ಸಹಿ ಮಾಡಿದಂತೆ.

ತಪ್ಪು ಕಚೇರಿಗೆ ಹಾಕಿದರೂ ಅರ್ಜಿ ಸತ್ತುಹೋಗುವುದಿಲ್ಲ, ಕಾಯ್ದೆಯ 6(3)ರಂತೆ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಬೇರೆಯವರು ಮೊದಲೇ ದೂರು ಕೊಟ್ಟಿದ್ದರೆ ನಿಮ್ಮ ಅರ್ಜಿ ಅರ್ಧ ಗೆದ್ದಂತೆ. ರಾಜ್ಯದ ಕುಂದುಕೊರತೆ ಸಹಾಯವಾಣಿ 1902, ನಗರಾಡಳಿತದ ಜನಹಿತ ಆ್ಯಪ್, ಹೆದ್ದಾರಿಗೆ 1033. ಬೀದಿಯವರನ್ನು ವಿಚಾರಿಸಿ, ಯಾರದೋ ಫೋನಿನಲ್ಲಿ ದೂರಿನ ಸಂಖ್ಯೆ ಉಳಿದಿರುತ್ತದೆ. ಊರಿನ ದಿನಪತ್ರಿಕೆಗಳಲ್ಲಿ ಅದೇ ರಸ್ತೆಯ ಗುಂಡಿಯ ಫೋಟೋ ಬಂದಿದ್ದರೆ ದಿನಾಂಕ ಕಾಣುವಂತೆ ಇಡೀ ಪುಟ ತೆಗೆದಿಡಿ. ಬಿದ್ದಿಲ್ಲದವರಿಗೂ ಇದೇ ಕಾರಣಕ್ಕೆ ಹೇಳಬೇಕು: ನಿಮ್ಮ ಬೀದಿಯ ಗುಂಡಿಗೆ ಇಂದೇ ಒಂದು ದೂರು ಹಾಕಿ ಸಂಖ್ಯೆ ಬರೆದಿಡಿ. ಮುಚ್ಚಿಸಲು ಆಗದಿದ್ದರೂ ನಾಳೆ ಬೀಳುವವರಿಗೆ ಅದು ಸಾಕ್ಷ್ಯವಾಗುತ್ತದೆ.

ಪರಿಹಾರದ ಪತ್ರ ಮತ್ತು ಗಡುವು

ಪತ್ರ ಬರೆಯಲು ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯಬೇಡಿ. ದಾವಣಗೆರೆಯಲ್ಲಿ ಪಾಲಿಕೆ ಆಯುಕ್ತರಿಗೆ, ಚಿತ್ರದುರ್ಗದಲ್ಲಿ ನಗರಸಭೆಯ ಪೌರಾಯುಕ್ತರಿಗೆ, ಲೋಕೋಪಯೋಗಿ ಆದರೆ ವಿಭಾಗದ ಕಾರ್ಯಪಾಲಕ ಎಂಜಿನಿಯರರಿಗೆ. ಎಲ್ಲಕ್ಕೂ ಜಿಲ್ಲಾಧಿಕಾರಿಗಳಿಗೆ ಪ್ರತಿ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಪಡೆಯಿರಿ. ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಸಾಹೇಬರ ಕೈಗೇ ಕೊಟ್ಟೆ ಎನ್ನುವುದು ದಾಖಲೆಯಲ್ಲ.

ಪತ್ರದಲ್ಲಿ ಒಟ್ಟು ಮೊತ್ತವನ್ನು ಅಂಕಿಯಲ್ಲಿ ಬರೆದು ವಿಂಗಡಿಸಿ: ಚಿಕಿತ್ಸೆ, ಓಡಾಟ, ಕಳೆದುಹೋದ ಕೂಲಿ, ನೋಡಿಕೊಂಡವರ ಖರ್ಚು, ಗಾಡಿ ರಿಪೇರಿ, ನೋವು, ಶಾಶ್ವತ ಊನ, ಮುಂದಿನ ಶಸ್ತ್ರಚಿಕಿತ್ಸೆ. "ಸೂಕ್ತ ಪರಿಹಾರ ನೀಡಬೇಕಾಗಿ ವಿನಂತಿ" ಎಂದಷ್ಟೇ ಬರೆದರೆ ಉತ್ತರವೂ "ಪರಿಶೀಲಿಸಲಾಗುವುದು" ಎಂದಷ್ಟೇ ಬರುತ್ತದೆ. ಮೊತ್ತಕ್ಕೆ ಹೋಲಿಕೆ ಬೇಕಾದರೆ, ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರಕ್ಕೆ ಗೊತ್ತುಮಾಡಿದ್ದನ್ನು ಉಲ್ಲೇಖಿಸಿ: ಗುಂಡಿಯಿಂದ ಸಾವಾದರೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ 2.5 ಲಕ್ಷ. ಅದು ಇಲ್ಲಿನ ಕಚೇರಿಯನ್ನು ಕಟ್ಟಿಹಾಕುವುದಿಲ್ಲ, ಆದರೆ ಒಂದು ಹೈಕೋರ್ಟ್ ಯಾವುದನ್ನು ಕನಿಷ್ಠ ಎಂದು ಕಂಡಿತು ಎಂಬುದನ್ನು ತೋರಿಸುತ್ತದೆ.

ಮೋಟಾರು ವಾಹನ ಕಾಯ್ದೆಯ 198ಎ ಕಲಮನ್ನೂ ಬರೆಯಿರಿ. 2019ರ ತಿದ್ದುಪಡಿಯಲ್ಲಿ ಬಂದದ್ದು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವಿಕಲತೆ ಆದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಸಂಸ್ಥೆಗೆ 1 ಲಕ್ಷದವರೆಗೆ ದಂಡ. ಈ ದಂಡ ನಿಮಗೆ ಬರುವುದಿಲ್ಲ, ಸರ್ಕಾರದ ಅಪಘಾತ ನಿಧಿಗೆ ಹೋಗುತ್ತದೆ. ಆದರೆ ಅಪಾಯ ಗೊತ್ತಿತ್ತೇ, ಎಚ್ಚರಿಕೆ ಫಲಕ ಇತ್ತೇ, ಯಾವ ಬಗೆಯ ಸಂಚಾರದ ರಸ್ತೆ ಎಂಬುದನ್ನು ಕೋರ್ಟ್ ನೋಡಬೇಕೆಂದು ಅಲ್ಲಿ ಪಟ್ಟಿ ಇದೆ. ನಿಮ್ಮ ಪತ್ರವನ್ನು ಆ ಪಟ್ಟಿಯ ಕ್ರಮದಲ್ಲೇ ಬರೆದರೆ ಕೆಲಸ ಸಲೀಸು.

ಗಡುವಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹಾನಿಯ ದಾವೆಗೆ ಮೂರು ವರ್ಷವಿದೆ ಎಂದು ನಂಬಿ ಕೂರುತ್ತಾರೆ. ಕಾಯ್ದೆಯಡಿ ಕೆಲಸ ಮಾಡಬೇಕಾದವರು ಮಾಡದೆ ಬಿಟ್ಟಿದ್ದಕ್ಕೆ ಪರಿಹಾರ ಕೇಳುವ ದಾವೆಗೆ 1963ರ ಕಾಲಮಿತಿ ಕಾಯ್ದೆಯ 72ನೇ ಅನುಚ್ಛೇದದಲ್ಲಿ ಒಂದೇ ವರ್ಷ. ಸರ್ಕಾರದ ಮೇಲಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲೂ ದಾವೆಗೆ ಮೊದಲು ನೋಟಿಸು ಕೊಡುವ ಕಟ್ಟಳೆ ಇದೆ. ಲೆಕ್ಕ ಸರಳ ಮಾಡಿಕೊಳ್ಳಿ: ಒಂದು ತಿಂಗಳೊಳಗೆ ಪತ್ರ, ಮೂರು ತಿಂಗಳೊಳಗೆ ವಕೀಲರ ನೋಟಿಸು, ಆರು ತಿಂಗಳೊಳಗೆ ದಾವೆ. ಯಾವ ವಾದ ಬಂದರೂ ನೀವು ಗಡುವಿನೊಳಗಿರುತ್ತೀರಿ.

ಯಾವ ಬಾಗಿಲು

ಬೇರೆ ವಾಹನ ಸೇರಿಲ್ಲದಿದ್ದರೆ ಸಿವಿಲ್ ನ್ಯಾಯಾಲಯ. ಸಾವಾಗಿದ್ದು ನಿರ್ಲಕ್ಷ್ಯ ಕಣ್ಣಿಗೆ ಹೊಡೆಯುವಂತಿದ್ದರೆ ಹೈಕೋರ್ಟಿನಲ್ಲಿ 226ನೇ ವಿಧಿಯ ರಿಟ್. ನಮ್ಮ ಎರಡೂ ಜಿಲ್ಲೆಗಳು ಬೆಂಗಳೂರು ಪೀಠಕ್ಕೆ ಸೇರಿದವು, ಧಾರವಾಡಕ್ಕಲ್ಲ. ಸಂಗತಿಯಲ್ಲೇ ತಕರಾರಿದ್ದರೆ ರಿಟ್‌ನಲ್ಲಿ ಸಾಕ್ಷಿ ವಿಚಾರಣೆ ನಡೆಯುವುದಿಲ್ಲ, ಸಿವಿಲ್ ಕೋರ್ಟಿಗೇ ಹೋಗಿ ಎನ್ನುತ್ತಾರೆ.

ಗುಂಡಿಗೆ ಬಿದ್ದವರ ಮೇಲೆ ಹಿಂದಿನ ಲಾರಿ ಹರಿದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅರ್ಜಿ, ಗಡುವು 6 ತಿಂಗಳು. ಲಾರಿಯ ವಿಮಾ ಕಂಪನಿ "ತಪ್ಪು ಗುಂಡಿಯದು" ಎನ್ನುತ್ತದೆ. ಬಿದ್ದವರ ತಪ್ಪಿಲ್ಲದಿದ್ದಾಗ ಇಬ್ಬರ ನಿರ್ಲಕ್ಷ್ಯ ಸೇರಿದ್ದರೂ ಪೂರ್ತಿ ಹಣವನ್ನು ಒಬ್ಬರಿಂದಲೇ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ಹಿಂದೆ ಕೂತಿದ್ದವರು ಗಾಯಗೊಂಡಿದ್ದರೆ ಪಾಲಿಸಿ ನೋಡಿ: ಬರೀ ಥರ್ಡ್ ಪಾರ್ಟಿ ಪಾಲಿಸಿ ಅವರಿಗೆ ಸಾಮಾನ್ಯವಾಗಿ ದಕ್ಕುವುದಿಲ್ಲ, ಪ್ಯಾಕೇಜ್ (ಸಮಗ್ರ) ಪಾಲಿಸಿ ದಕ್ಕುತ್ತದೆ.

ಹೆಬ್ಬಾಳು, ಗುಯಿಲಾಳು ಟೋಲ್‌ಗಳಲ್ಲಿ ಹಣ ಕೊಟ್ಟು ಹೋದ ಕಾರಿನವರಿಗೆ ಇನ್ನೊಂದು ದಾರಿ ಇದೆ. ಟೋಲ್ ಕೊಟ್ಟವರು ಗ್ರಾಹಕರು, ಆದ್ದರಿಂದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಎರಡು ವರ್ಷದ ಗಡುವು, ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೆಗೆದಿಡಿ, ಅದೇ ರಸೀದಿ. ಬೈಕಿಗೆ ಟೋಲ್ ಇಲ್ಲದ್ದರಿಂದ ಸವಾರರಿಗೆ ಈ ಬಾಗಿಲು ಕಷ್ಟ.

ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕೋರ್ಟ್ ಆವರಣದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನು ಮಾಡಿ.

ವಿಮೆಯನ್ನು ಮರೆಯಬೇಡಿ, ಇದು ಎಲ್ಲಕ್ಕಿಂತ ಬೇಗ ಸಿಗುವ ಹಣ. ಗಾಡಿಯ ಮಾಲೀಕ-ಚಾಲಕರ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ 15 ಲಕ್ಷದ್ದು. ಸಾವಿಗೆ ಅಥವಾ ಪೂರ್ಣ ಊನಕ್ಕೆ ಪೂರ್ತಿ, ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ ಅರ್ಧ. ಮೂಳೆ ಮುರಿತಕ್ಕೆ ಇಲ್ಲ. ಡಿಎಲ್ ಚಾಲ್ತಿಯಲ್ಲಿರಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಅಪಘಾತ ವಿಮೆ: ಸಾವು, ಪೂರ್ಣ ಊನಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಊನಕ್ಕೆ 1 ಲಕ್ಷ, 30 ದಿನದೊಳಗೆ ಬ್ಯಾಂಕಿಗೆ ಅರ್ಜಿ. ಇವನ್ನು ಪಡೆದರೆ ಪಾಲಿಕೆಯ ಮೇಲಿನ ಹಕ್ಕು ಹೋಗುವುದಿಲ್ಲ.

ಮೊತ್ತದ ಲೆಕ್ಕ

ಶಾಶ್ವತ ಊನ ಉಳಿದರೆ ದೊಡ್ಡ ಮೊತ್ತ ಅದರಿಂದ ಬರುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ 34 ವರ್ಷದವರು, ತಿಂಗಳಿಗೆ 15,000 ದುಡಿಮೆ, ಭುಜ ಮುರಿದಿದೆ ಎಂದುಕೊಳ್ಳಿ. ವೈದ್ಯರು ಆ ಕೈಗೆ ಶೇಕಡಾ 30 ಊನ ಎನ್ನುತ್ತಾರೆ. ಕೋರ್ಟುಗಳು ಸಾಮಾನ್ಯವಾಗಿ ಅದರ ಮೂರನೇ ಒಂದರಷ್ಟನ್ನು ಇಡೀ ದೇಹದ ಊನವಾಗಿ ಹಿಡಿಯುತ್ತವೆ, ಅಂದರೆ ಶೇಕಡಾ 10. ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ (ಗುಣಕ) ಗುಣಿಸುತ್ತಾರೆ, 31ರಿಂದ 35ರ ವಯಸ್ಸಿಗೆ ಅದು 16. ವರ್ಷಕ್ಕೆ 1,80,000, ಗುಣಿಸು 16, ಅದರ ಶೇಕಡಾ 10 ಎಂದರೆ 2,88,000. ವಯಸ್ಸು 40ರೊಳಗಿರುವ ಇಂಥ ದುಡಿಮೆಯವರಿಗೆ ಮುಂದಿನ ಏರಿಕೆಗೆಂದು ಆದಾಯಕ್ಕೆ ಶೇಕಡಾ 40 ಸೇರಿಸಿದರೆ 4,03,200. ಇದು ಅಪಘಾತ ನ್ಯಾಯಮಂಡಳಿಗಳ ಸೂತ್ರ, ಸಿವಿಲ್ ಕೋರ್ಟಿನಲ್ಲೂ ಅಳತೆಗೋಲಾಗಿ ಮುಂದಿಡಬಹುದು.

ಆದರೆ ಮೇಜಿನ ಮುಂದೆ ಕೂರುವವರಿಗೆ ಭುಜ ಮೇಲೇಳದಿರುವುದೂ ಮೂಟೆ ಎತ್ತುವವರಿಗೆ ಏಳದಿರುವುದೂ ಒಂದೇ ಅಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ನೋಡಬೇಕಾದದ್ದು ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದನ್ನು. ಆದ್ದರಿಂದ ವೈದ್ಯರ ಪ್ರಮಾಣಪತ್ರದಲ್ಲಿ ಶೇಕಡಾವಾರಿನ ಜೊತೆಗೆ "ಭಾರ ಎತ್ತಲು, ತಲೆಯ ಮೇಲೆ ಕೈ ಎತ್ತಿ ಕೆಲಸ ಮಾಡಲು ಆಗುವುದಿಲ್ಲ" ಎಂಬ ವಿವರ ಇರಲಿ. ಸಂಬಳ ಚೀಟಿ ಇಲ್ಲದವರು ಭಟ್ಟಿ ಮಾಲೀಕರ ಪತ್ರ, ಬ್ಯಾಂಕ್ ಪಾಸ್‌ಬುಕ್, ಕಾರ್ಮಿಕ ಕಾರ್ಡ್ ಕೊಡಲಿ. ಏನೂ ಇಲ್ಲದಿದ್ದರೂ ಕೋರ್ಟುಗಳು ಆಯಾ ವರ್ಷಕ್ಕೆ ಅಂದಾಜು ಆದಾಯ ಹಿಡಿಯುತ್ತವೆ, ದಾಖಲೆಯಿಲ್ಲವೆಂದು ಅರ್ಜಿ ಹಾಕದೆ ಇರಬೇಡಿ.

ಹೆಲ್ಮೆಟ್ ಇಲ್ಲದೆ ತಲೆಗೆ ಪೆಟ್ಟಾಗಿದ್ದರೆ, ಮೂವರು ಕೂತಿದ್ದರೆ ಮೊತ್ತದಲ್ಲಿ ಒಂದು ಪಾಲು ಕಳೆಯಬಹುದು. ಅದನ್ನು ಮುಚ್ಚಿಡಬೇಡಿ. ಕೇಸ್ ಶೀಟ್‌ನಲ್ಲಿ ಅದು ಇದ್ದೇ ಇರುತ್ತದೆ, ಸುಳ್ಳು ಸಿಕ್ಕಿಬಿದ್ದರೆ ಗುಂಡಿಯ ಬಗ್ಗೆ ಹೇಳಿದ ನಿಜವನ್ನೂ ನಂಬುವುದಿಲ್ಲ.

ಕೆಲವೊಮ್ಮೆ ದಾವೆಗೆ ಮೊದಲೇ ಗುತ್ತಿಗೆದಾರರ ಕಡೆಯವರು ಬಂದು ಆಸ್ಪತ್ರೆ ಬಿಲ್ಲು ಕಟ್ಟುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ರಸೀದಿಯಲ್ಲಿ "ಪೂರ್ಣ ಮತ್ತು ಅಂತಿಮ ತೀರುವಳಿ" ಎಂದಿದ್ದರೆ ಸಹಿ ಹಾಕಬೇಡಿ, "ಚಿಕಿತ್ಸಾ ವೆಚ್ಚದ ಭಾಗವಾಗಿ" ಎಂದು ತಿದ್ದಿಸಿ. ಮೂಳೆಗೆ ಹಾಕಿದ ರಾಡು, ಪ್ಲೇಟನ್ನು ವರ್ಷ-ಒಂದೂವರೆ ವರ್ಷದ ಮೇಲೆ ತೆಗೆಸಬೇಕಾಗಿ ಬರಬಹುದು, ಆಗ ಮತ್ತೆ ಆಪರೇಷನ್, ಮತ್ತೆ ತಿಂಗಳುಗಟ್ಟಲೆ ಕೂಲಿ ನಷ್ಟ. ಡಿಸ್ಚಾರ್ಜ್ ಆಗುವ ದಿನವೇ ಆ ಎರಡನೇ ಶಸ್ತ್ರಚಿಕಿತ್ಸೆಯ ಅಂದಾಜು ವೆಚ್ಚವನ್ನು ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಬರೆಸಿ, ಬಿಲ್ಲುಗಳ ಕಟ್ಟಿನ ಮೇಲ್ಗಡೆಯೇ ಇಡಿ.